ನೀಲವ್ವ ಬರೆದ ದಪ್ಪ ಅಕ್ಷರ

ಬೆಟ್ಟಗಳಿನ್ನೂ ಮಂಡಿಯೆತ್ತರ ಇದ್ದ ಕಾಲ. ಸೋಮಗಿರಿ ಅಂತೊಂದು ರಾಜ್ಯ. ಅಲ್ಲಿ ಅಂಗಡಿಗಳಿಗೆ ಹಲಗೆ ಬರೆಯುವವಳು ನೀಲವ್ವ. ಬಣ್ಣ ಅರೆದು ಕೊಡುವವನು ಅವಳ ಗಂಡ ಕರಿಬಸಪ್ಪ.

ಒಂದು ಬೆಳಗ್ಗೆ ನೋಡಿದರೆ ಕೋಟೆಬಾಗಿಲಲ್ಲಿ ಹೊಸ ಹಲಗೆ! ಬರೆದವನು ಮಾಂತ್ರಿಕ ವಕ್ರಾಂಗ. ಅಕ್ಷರಗಳು ಕೂದಲಿನಷ್ಟು ಸಣ್ಣ, ಒಂದೊಂದು ತುದಿಗೂ ಮೀನಿನ ಗಾಳದಂಥ ಕೊಕ್ಕೆ. ಓದಬೇಕೆಂದರೆ ಮೂಗು ತಾಗಿಸಬೇಕು. ತಾಗಿಸಿದರೋ, ಮೂಗಿಗೆ ಕೊಕ್ಕೆ ಸಿಕ್ಕಿ ಮನುಷ್ಯ ಸರ್ರನೆ ಒಳಗೆ! ಹಲಗೆಯಲ್ಲಿ ಒಂದಕ್ಷರ ಹೆಚ್ಚು! ಮಂತ್ರಿ ಹೋದ. ಸೇನಾಪತಿ ಕುದುರೆ ಸಮೇತ ಹೋದ.

"ಏನಪ್ಪಾ ಅಂಥಾದ್ದು ಬರೆದಿದ್ದಾನೆ?" ಅಂತ ಕರಿಬಸಪ್ಪನೂ ಕತ್ತು ಚಾಚಿದ. ನೀಲವ್ವ ಓಡಿಬಂದು ಅವನ ಪಂಚೆ ಹಿಡಿದಳು. ಪಂಚೆ ಕೈಯಲ್ಲುಳಿಯಿತು, ಗಂಡ ಹಲಗೆಯೊಳಗೆ!

"ಅಯ್ಯೋ, ನನ್ನ ಮನೆಯವರನ್ನ ಬಿಡೋ ಪಾಪಿ!"

ವಕ್ರಾಂಗ ಗಹಗಹಿಸಿದ. "ಬಿಡ್ತೀನಿ ಕಣೇ. ನನ್ನ ಮೂರು ಪರೀಕ್ಷೆ ಗೆಲ್ಲೋ ಅಕ್ಷರ ಬರಿ. ಸೋತರೆ ನೀನೂ ಒಳಗೆ."

ನೀಲವ್ವ ತನ್ನದೊಂದು ದೊಡ್ಡ ಹಲಗೆಯ ಮೇಲೆ ಬಿಂದಿಗೆ ಬೋರಲು ಹಾಕಿ ಅದರ ಬಾಯಿಯ ಸುತ್ತ ಗೆರೆ ಎಳೆದಳು. ತೊಲೆಯಷ್ಟು ದಪ್ಪ, ಎಲ್ಲೆಲ್ಲೂ ಒಂದೇ ದಪ್ಪ. ಬಾಲವಿಲ್ಲ, ಬಳುಕಿಲ್ಲ, ತುದಿಗಳು ಹೆಬ್ಬೆರಳಿನ ಹಾಗೆ ಗುಂಡಗೆ. 'ನಿಲ್ಲು' ಅಂತ ಬರೆದಳು.

ಮೊದಲ ಪರೀಕ್ಷೆಗೆ ವಕ್ರಾಂಗ ಮುದಿ ರಾಜನನ್ನು ಏಳು ಗುಡ್ಡದಾಚೆ ನಿಲ್ಲಿಸಿ ಓದು ಅಂದ. ಪಕ್ಕದಲ್ಲಿದ್ದ ರಾಣಿಯನ್ನೇ ಕಂಬ ಅಂದುಕೊಳ್ಳುವ ಕಣ್ಣು ರಾಜನದು. ಅಂಥವನು ಅಲ್ಲಿಂದಲೇ ಕೂಗಿದ: "ನಿಲ್ಲು ಅಂತಿದೆ!" ಮಾಟದ ಹಲಗೆಯತ್ತ ಹೊರಟಿದ್ದ ಜನರೆಲ್ಲ ಗಕ್ಕನೆ ನಿಂತರು.

ಮಾಂತ್ರಿಕ ಬಿರುಗಾಳಿ ಕರೆದ. ಆನೆಗಳು ತರಗೆಲೆಯಂತೆ ಹಾರಿದವು! ಆದರೆ ಅಕ್ಷರದಲ್ಲಿ ಹಿಡಿದೆಳೆಯಲು ಒಂದು ಎಳೆಯೂ ಸಿಗದೆ ಗಾಳಿ ಸುಸ್ತಾಗಿ ಮಲಗಿತು.

ಆಮೇಲೆ ನೂರು ಹೆಡೆಯ ಹಾವನ್ನು ಬಿಟ್ಟ. ಮೊನೆ ಕಂಡಲ್ಲಿ ಕಚ್ಚುವ ಹಾವು. ಮೊನೆ ಹುಡುಕುತ್ತ ಅಕ್ಷರಗಳನ್ನು ಸುತ್ತಿತು, ಸುತ್ತಿತು, ಕೊನೆಗೆ ತನ್ನ ಬಾಲದ ಮೊನೆಯನ್ನೇ ಕಚ್ಚಿ, ನುಂಗಿ ನುಂಗಿ, ಹೆಡೆ ಸಮೇತ ಇಲ್ಲವಾಯಿತು!

ವಕ್ರಾಂಗನ ಮುಖ ಸುಣ್ಣವಾಯಿತು. "ಗೆದ್ದೆ ಬಿಡು. ನಿನ್ನ ಗಂಡ ಯಾವ ಅಕ್ಷರ ಅಂತ ಹತ್ತಿರ ಹೋಗಿ ನೋಡ್ಕೋ."

"ಹತ್ತಿರ ಯಾಕಯ್ಯಾ?" ನೀಲವ್ವ ಉದ್ದನೆ ಗಳಕ್ಕೆ ಕುಂಚ ಕಟ್ಟಿ, ದೂರದಿಂದಲೇ ಅವನ ಅಕ್ಷರಗಳ ಮೇಲೆ ದಪ್ಪಗೆ ಬಣ್ಣ ಬಳಿದಳು. ಕೊಕ್ಕೆಗಳು ಒಂದೊಂದಾಗಿ ಮುಚ್ಚಿ ಗುಂಡಗಾದವು. ಹಿಡಿತ ತಪ್ಪಿದ ಜನ ದೊಪ್ಪ ದೊಪ್ಪನೆ ಉದುರಿದರು!

"ಅಯ್ಯೋ ನನ್ನ ಕೊಕ್ಕೆ!" ಅಂತ ವಕ್ರಾಂಗ ಉಳಿದೊಂದನ್ನು ಕಾಪಾಡಲು ನುಗ್ಗಿದ. ಅದು ಅವನನ್ನೇ ಒಳಗೆಳೆದುಕೊಂಡಿತು. ನೀಲವ್ವ ಅದರ ಮೇಲೆ ದಪ್ಪ ಸೊನ್ನೆ ಸುತ್ತಿದಳು. ಸೊನ್ನೆಗೆ ಬಾಗಿಲೆಲ್ಲಿ? ಅದು ಹಲಗೆಯಿಂದ ಕಳಚಿ ಉರುಳಿತು. ಇವತ್ತಿಗೂ ಉರುಳುತ್ತಲೇ ಇದೆ.

ಕಟ್ಟಕಡೆಗೆ ಬಿದ್ದವನನ್ನು ಕಂಡು ನೀಲವ್ವ ಬಾಯಿಬಾಯಿ ಬಿಟ್ಟಳು. ಹೋಗುವಾಗ ಕಡ್ಡಿಯಂತಿದ್ದವನು ಕುಂಬಳಕಾಯಿಯಾಗಿದ್ದ!

"ಯಾರ್ರೀ ನೀವು?"

"ನಿನ್ನ ಗಂಡಾನೇ ಕಣೇ! ಒಂದೆರಡು ಕೈ ಕಮ್ಮಿ ಬಳಿಯೋಕೆ ಏನಾಗಿತ್ತು ನಿನಗೆ?"

ಅಂದಿನಿಂದ ಸೋಮಗಿರಿಯ ಬಾವಿ, ಸೇತುವೆ, ಕವಲುದಾರಿಗಳಲ್ಲೆಲ್ಲ ನೀಲವ್ವನ ದಪ್ಪಕ್ಷರವೇ. ಹಲಗೆಯಿಂದ ಬಿದ್ದವರೆಲ್ಲ ಗುಂಡುಗುಂಡಾಗಿ ನಕ್ಕೊಂಡು ಬಾಳಿದರು. ನೀಲವ್ವ ಮಾತ್ರ ಗಂಡನನ್ನು ಮನೆಯೊಳಗೆ ಕರೆದುಕೊಳ್ಳಲು ಬಾಗಿಲನ್ನು ಎರಡಾಳಿನಷ್ಟು ಅಗಲ ಮಾಡಿಸಿದಳು.