ಪಿಸುಮಾತು ಕೇಳುವಷ್ಟು ಮೌನ

"ಈ ಸದ್ದು ನಿಲ್ಲಬೇಕು. ಇವತ್ತೇ ನಿಲ್ಲಬೇಕು!"

ಭದ್ರಾವತಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸಿಪಿಯುವನ್ನು ರಂಜಿನಿ ಮೇಜಿನ ಮೇಲೆ ಇಟ್ಟಳು.

ಅದು ಶಿವಮೊಗ್ಗದ ಓಣಿಯೊಂದರಲ್ಲಿದ್ದ ಪರಮೇಶನ ಕಂಪ್ಯೂಟರ್ ರಿಪೇರಿ ಅಂಗಡಿ. ಪರಮೇಶ್ ಊಟಕ್ಕೆ ಹೋಗಿದ್ದ. ಕೂತಿದ್ದವನು ಅವನ ಗೆಳೆಯ ಸುಘೋಷ. ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ರಜೆ ಸಿಕ್ಕರೆ ಇಲ್ಲಿ ಬಂದು ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸುವುದೇ ಹುಚ್ಚು.

ಅವನು ಸ್ವಿಚ್ ಹಾಕಿದ. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಅರಚಿತು. ನಕ್ಕುಬಿಟ್ಟ.

"ಸದ್ದು ಮಾಡ್ತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ ಮೇಡಂ. ಕಿವಿಗೆ ಹತ್ತಿ ಇಟ್ಕೊಳ್ಳಿ!"

"ಹತ್ತಿನಾ?" ರಂಜಿನಿಯ ದನಿ ಒಡೆಯಿತು. "ನಿನ್ನೆ ನಮ್ಮಪ್ಪ ಬಚ್ಚಲಲ್ಲಿ ಜಾರಿಬಿದ್ರು. ಗಂಟಲು ಆಪರೇಷನ್ ಆದ್ಮೇಲೆ ಅವರಿಗೆ ಪಿಸುಮಾತು ಬಿಟ್ರೆ ದನಿ ಇಲ್ಲ. ಎಷ್ಟು ಹೊತ್ತು ನನ್ನ ಕರೆದ್ರೋ... ನಾನು ಪಕ್ಕದ ರೂಮಲ್ಲೇ ಇದ್ದೆ! ಇದರ ಸದ್ದಲ್ಲಿ ಕೇಳಿಸ್ಲೇ ಇಲ್ಲ..."

ಸುಘೋಷನ ನಗು ಅಲ್ಲೇ ಮಾಯವಾಯಿತು. ಮೆಲ್ಲಗೆ ಸ್ವಿಚ್ ಆರಿಸಿದ.

"ತಪ್ಪಾಯ್ತು. ಕೂತ್ಕೊಳ್ಳಿ" ಎಂದ.

ರಂಜಿನಿಯ ಮನೆ ಕಾಗದನಗರದ ಕ್ವಾರ್ಟರ್ಸ್‌ನಲ್ಲಿತ್ತು. ಅಪ್ಪ ಗೋವಿಂದಯ್ಯ ಕಾಗದದ ಮಿಲ್ಲಿನಲ್ಲಿ ಪೈಪ್ ಫಿಟ್ಟರ್ ಆಗಿದ್ದವರು. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಕಟ್ಟಬೇಕಾದ ಮನೆಗಳು ಒಳಗೆ ಹೇಗೆ ಕಾಣುತ್ತವೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಎಂಜಿನಿಯರುಗಳಿಗೆ ಕಳಿಸುವುದು ಅವಳ ಕೆಲಸ. ಒಂದೊಂದು ಚಿತ್ರ ಮುಗಿಯುವಷ್ಟರಲ್ಲಿ ಯಂತ್ರ ಕಾದು ಕೆಂಡವಾಗುತ್ತಿತ್ತು, ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು. ಕೆಲಸ ಬಿಡುವಂತಿರಲಿಲ್ಲ. ಅಪ್ಪನನ್ನು ಬಿಟ್ಟು ಹೊರಗೆ ದುಡಿಯಲು ಹೋಗುವಂತೆಯೂ ಇರಲಿಲ್ಲ.

"ನೀರಲ್ಲಿ ತಣ್ಣಗೆ ಮಾಡಬಹುದು" ಎಂದ ಸುಘೋಷ. "ಬಿಸಿಯನ್ನ ನೀರು ಹೊತ್ಕೊಂಡು ಹೊರಗೆ ಹೋಗುತ್ತೆ. ಆಮೇಲೆ ದೊಡ್ಡ ಫ್ಯಾನ್ ಒಂದು ಮೆಲ್ಲಗೆ ತಿರುಗಿದ್ರೆ ಸಾಕು. ಕಂಪನಿಯದ್ದು ದುಬಾರಿ. ನಾನೇ ಮಾಡ್ಕೊಡ್ತೀನಿ."

"ಕಂಪ್ಯೂಟರ್ ಒಳಗೆ ನೀರಾ?!"

"ನನಗೂ ಭಯ ಇದೆ. ಅದಕ್ಕೇ ಹುಷಾರಾಗಿ ಮಾಡ್ತೀನಿ."

ಮುಂದಿನ ಭಾನುವಾರ ಚೀಲ ಹೊತ್ತು ಅವಳ ಮನೆಗೆ ಬಂದ. ಗುಜರಿಯಲ್ಲಿ ಸಿಕ್ಕ ಹಳೆಯ ಕಾರಿನ ಹೀಟರ್ ರೇಡಿಯೇಟರ್. ಮೀನಿನ ತೊಟ್ಟಿಯ ಪಂಪು. ನೀರು ತುಂಬಲು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ. ಪ್ರೊಸೆಸರಿನ ಮೇಲೆ ಕೂರಲು ತಾನೇ ಕೊರೆದು ಬೆಸೆದ ತಾಮ್ರದ ಬಿಲ್ಲೆ. ಎಲ್ಲವನ್ನೂ ಮೆತ್ತನೆಯ ಪ್ಲಾಸ್ಟಿಕ್ ಪೈಪಿನಿಂದ ಜೋಡಿಸಿ, ಜೋಡಣೆಗಳಿಗೆ ಸ್ಕ್ರೂ ಇರುವ ಕ್ಲಿಪ್ ಹಾಕಿ, ಕಂಪ್ಯೂಟರಿಗೆ ಹಾಕುವ ಮೊದಲು ದಿನವಿಡೀ ಹಳೆಯ ಪೇಪರಿನ ಮೇಲಿಟ್ಟು ನೀರು ಹರಿಸಿದ. ಪೇಪರು ಒಂದು ಕಡೆಯೂ ಒದ್ದೆಯಾಗದಿದ್ದಾಗ ಸಂಜೆ ಯಂತ್ರದೊಳಗೆ ಕೂರಿಸಿದ.

ಗೋವಿಂದಯ್ಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರ ಕಿವಿ ಚುರುಕಾಗಿಯೇ ಇತ್ತು. ಆದರೂ ಆಪರೇಷನ್ ಆದಮೇಲೆ ಎಲ್ಲರೂ ಅವರೊಂದಿಗೆ ಕಿರುಚಿಯೇ ಮಾತಾಡುತ್ತಿದ್ದರು. ಸುಘೋಷ ಹಾಗೆ ಮಾಡಲಿಲ್ಲ. ಬಾಗಿ, ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದು, ಮಾತು ಮುಗಿಯುವ ತನಕ ಕಾಯುತ್ತಿದ್ದ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ರಂಜಿನಿಯ ಎದೆಯಲ್ಲಿ ಏನೋ ಅಲುಗಾಡಿತು...

ಎರಡು ದಿನಗಳ ನಂತರ ಅವಳು ಚಿತ್ರ ಮಾಡುತ್ತಾ ಕೂತಿದ್ದಾಗ ಪಕ್ಕದ ಕೋಣೆಯಿಂದ ಸಣ್ಣ ದನಿ ತೇಲಿಬಂತು.

"ರಂಜಿ... ನೀರು..."

ಕೇಳಿಸಿತು! ಓಡಿಹೋಗಿ ನೀರು ಕುಡಿಸಿದಳು. ಅಪ್ಪನ ಮೊಣಕಾಲಿಗೆ ಹಣೆಯಿಟ್ಟು ಅತ್ತಳು. ಅಪ್ಪ ಏನೂ ಕೇಳದೆ ತಲೆ ಸವರಿದರು.

ಆಮೇಲೆ ಸುಘೋಷ ಭಾನುವಾರಗಳಲ್ಲಿ ಬರತೊಡಗಿದ. ನೀರು ಕಡಿಮೆಯಾಗಿದೆಯಾ ನೋಡುವುದು ನೆಪ. ಅವಳು ಕಾಫಿ ಮಾಡುವುದೂ ನೆಪವೇ. 'ಇಂಥವನು ಮನೆಯಲ್ಲಿದ್ದರೆ...' ಅಂದುಕೊಂಡು ತಾನೇ ನಾಚುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಯಂತ್ರ ಟಪ್ಪೆಂದು ನಿಂತಿತು. ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದರೆ ಒಳಗೆಲ್ಲ ನೀರು! ವಾರಗಟ್ಟಲೆ ಕೂತು ಮಾಡಿದ್ದ ದೊಡ್ಡ ಕೆಲಸ ಅಂದೇ ಕೊಡಬೇಕಿತ್ತು. ಸುಘೋಷನಿಗೆ ಫೋನ್ ಮಾಡಿದಳು, ಮತ್ತೆ ಮತ್ತೆ ಮಾಡಿದಳು. ಎತ್ತಲಿಲ್ಲ. ಕಾರ್ಖಾನೆಯೊಳಗೆ ಫೋನ್ ಬಿಡುವುದಿಲ್ಲವೆಂದು ಗೊತ್ತಿದ್ದರೂ ಆ ಹೊತ್ತಿಗೆ ಅವಳಿಗೆ ಅದು ನೆನಪಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಂಜಿನಿಯರ್ ಕೆಲಸವನ್ನು ಬೇರೆಯವರಿಗೆ ಕೊಟ್ಟಾಗಿತ್ತು.

ಸಂಜೆ ಸುಘೋಷ ಏದುಸಿರು ಬಿಡುತ್ತಾ ಬಂದ. ಬಗ್ಗಿ ನೋಡಿದ. ಜೋಡಣೆಯ ಹತ್ತಿರ ಪೈಪು ಕತ್ತರಿಸಿಹೋಗಿತ್ತು. ಆ ತುಂಡನ್ನು ಬೆರಳಲ್ಲಿ ತಿರುಗಿಸಿದ. ಒಮ್ಮೆ ಗೋವಿಂದಯ್ಯನವರ ಕಡೆ ನೋಡಿ, ತುಂಡನ್ನು ಜೇಬಿಗೆ ಹಾಕಿಕೊಂಡ.

"ನನ್ನದೇ ತಪ್ಪು" ಎಂದ.

"ಅಷ್ಟೇನಾ?" ರಂಜಿನಿ ಸಿಡಿದಳು. "ಪ್ರಯೋಗ ಮಾಡೋಕೆ ನಮ್ಮನೆನೇ ಸಿಕ್ತಾ ನಿಮ್ಗೆ? ನಿಮ್ಗೆ ಇದು ಹುಚ್ಚು, ನಮ್ಗೆ ಅನ್ನ! ಇನ್ಮೇಲೆ ಇಲ್ಲಿಗೆ ಬರ್ಬೇಡಿ!"

ಅವನು ಯಂತ್ರವನ್ನು ಎತ್ತಿಕೊಂಡು ಹೋದ.

ಕೆಲವು ದಿನಗಳಲ್ಲಿ ಅದು ಸರಿಯಾಗಿ ವಾಪಸ್ ಬಂತು. ತಂದವನು ಪರಮೇಶ್.

"ಬೋರ್ಡ್ ಸುಟ್ಟುಹೋಗಿತ್ತಮ್ಮ. ಸುಘೋಷ ತನ್ನ ಕಂಪ್ಯೂಟರಿಂದು ಬಿಚ್ಚಿ ಹಾಕಿದಾನೆ. ನೀರಿನ ಡಬ್ಬ ಈ ಸಲ ಕೆಳಗೆ, ಬೇರೆಯಾಗಿ. ಇನ್ನು ಸೋರಿದ್ರೂ ಒಳಗೆ ಬೀಳಲ್ಲ."

"ಅವರ್ಯಾಕೆ ಬರ್ಲಿಲ್ಲ?"

"ಬರ್ಬೇಡ ಅಂದ್ರಂತಲ್ಲ?"

ರಂಜಿನಿ ತಲೆ ತಗ್ಗಿಸಿದಳು. ಅಹಂಕಾರವೋ, ಸಂಕೋಚವೋ... ಫೋನ್ ಕೈಗೆತ್ತಿಕೊಂಡು ಕೆಳಗಿಡುತ್ತಲೇ ದಿನಗಳು ಹೋದವು. ಭಾನುವಾರ ಬಂದರೆ ಅಪ್ಪ ಬಾಗಿಲ ಕಡೆ ನೋಡುತ್ತಿದ್ದರು. "ಆ ಹುಡುಗ ಬರ್ಲಿಲ್ವಾ?" ಎಂದು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಬಟ್ಟೆ ಒಣಹಾಕಿ ಒಳಗೆ ಬಂದಾಗ ಅಪ್ಪ ಕಂಪ್ಯೂಟರಿನ ಮುಂದೆ ಬಗ್ಗಿದ್ದರು. ಕೈಯಲ್ಲಿ ಸ್ಕ್ರೂಡ್ರೈವರ್.

"ಅಪ್ಪಾ! ಏನ್ ಮಾಡ್ತಿದೀಯ?"

"ಕ್ಲಿಪ್ ಬಿಗಿ ಮಾಡೋಣ ಅಂತ..." ಅಪ್ಪ ಪಿಸುಗುಟ್ಟಿದರು. "ಈ ಸಲ ಸ್ಕ್ರೂನೇ ಇಲ್ವಲ್ಲ ಮಗಳೇ, ಬರೀ ಸ್ಪ್ರಿಂಗ್ ಇದೆ. ಹೋದ ಸಲದ್ದನ್ನ ನಾನೇ ಚೆನ್ನಾಗಿ ತಿರುಗಿಸಿ ಬಿಗಿ ಮಾಡಿದ್ದೆ. ಆದ್ರೂ ಸೋರ್ತು ನೋಡು... ಪೈಪೇ ಸರಿ ಇರ್ಲಿಲ್ಲ."

ರಂಜಿನಿ ಪೈಪನ್ನು ಬೆರಳಲ್ಲಿ ಒತ್ತಿ ನೋಡಿದಳು. ಮಿಲ್ಲಿನ ಕಬ್ಬಿಣದ ಪೈಪಿಗೆ ಬೇಕಾದ ಬಿಗಿ... ಈ ಮೆತ್ತನೆಯ ಪೈಪನ್ನು ಆ ಬಿಗಿಯೇ ಕತ್ತರಿಸಿತ್ತು. ಅಪ್ಪನಿಗೆ ಗೊತ್ತಿಲ್ಲ. ಸುಘೋಷನಿಗೆ ನೋಡಿದ ಕ್ಷಣವೇ ಗೊತ್ತಾಗಿತ್ತು!

"ಹೌದಪ್ಪಾ" ಎಂದಳು ಕಣ್ಣೊರೆಸಿಕೊಂಡು. "ಪೈಪೇ ಸರಿ ಇರ್ಲಿಲ್ಲ."

ಪಕ್ಕದ ಮನೆಯ ಜಲಜಮ್ಮನನ್ನು ಅಪ್ಪನ ಬಳಿ ಕೂರಿಸಿ, ಸಿಕ್ಕಿದ ಬಸ್ಸು ಹತ್ತಿದಳು. ಮಾಚೇನಹಳ್ಳಿಯ ಕಾರ್ಖಾನೆಯ ಗೇಟಿನ ಎದುರು ನಿಂತಳು. ಪಾಳಿ ಮುಗಿದು ಜನ ಗುಂಪುಗುಂಪಾಗಿ ಹೊರಬಂದರು. ಅವಳನ್ನು ಕಂಡದ್ದೇ ಸುಘೋಷನ ಮುಖ ಬಿಳಚಿತು.

"ಅಪ್ಪ ಹುಷಾರಾಗಿದಾರಲ್ವಾ?"

ಅವನ ಮೊದಲ ಮಾತು ಅದು. ಅವಳ ಕಣ್ಣು ತುಂಬಿತು.

"ಹುಷಾರಾಗಿದಾರೆ. ಯಾಕೆ ಹೇಳ್ಲಿಲ್ಲ ನೀವು? ಪೈಪ್ ಕತ್ತರಿಸಿದ್ದು ಯಾರು ಅಂತ..."

ಅವನು ಗೇಟಿನಿಂದ ಪಕ್ಕಕ್ಕೆ ಸರಿದು ನಿಂತ.

"ಜೀವನ ಪೂರ್ತಿ ಪೈಪ್ ಜೋಡಿಸಿದ ಕೈ ಅದು. ದನಿ ಹೋಗಿದೆ. ಆ ಕೈ ಮೇಲಿನ ನಂಬಿಕೆನೂ ಹೋದ್ರೆ ಅವರಿಗೇನು ಉಳಿಯುತ್ತೆ?"

"ನನಗಾದ್ರೂ ಹೇಳ್ಬಹುದಿತ್ತು!"

"ಅವತ್ತು ನೀವಿದ್ದ ಸಿಟ್ಟಿಗೆ... ಅವರ ಎದುರೇ ಏನಾದ್ರೂ ಅಂದುಬಿಟ್ಟಿದ್ರೆ? ಆಮೇಲೆ ನೀವೇ ಕೊರಗ್ತಿದ್ರಿ. ಬೈದಿದ್ದು ನನಗಲ್ವಾ, ಬಿಡಿ."

ರಂಜಿನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹೋಗುವವರು ತಿರುಗಿ ನೋಡಿದರು. ಅವಳಿಗೆ ಅದರ ಪರಿವೆಯಿರಲಿಲ್ಲ.

"ನನ್ನ ಕ್ಷಮಿಸ್ತೀರಾ?"

"ಸಿಟ್ಟೇ ಬಂದಿರ್ಲಿಲ್ಲ ರಂಜಿನಿ. ನೋವಾಗಿದ್ದು ನಿಜ." ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದಿದ್ದ. "ಭಾನುವಾರ ಬಂದ್ರೆ ಏನ್ ಮಾಡ್ಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ. ನೀರು ನೋಡೋಕೆ ಬರ್ತಿರ್ಲಿಲ್ಲ ನಾನು... ನಿಮ್ಮನ್ನ ನೋಡೋಕೆ ಬರ್ತಿದ್ದೆ."

"ಗೊತ್ತಿತ್ತು" ಎಂದಳು ಅಳುತ್ತಲೇ. "ನೀವು ಬರೋ ದಿನ ನಾನು ಬೆಳಿಗ್ಗೆಯಿಂದ್ಲೇ ಕಾಯ್ತಿದ್ದೆ. ಅದು ನಿಮಗೆ ಗೊತ್ತಿತ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವನ ಕಣ್ಣೂ ಒದ್ದೆಯಾಗಿತ್ತು.

ಭದ್ರಾವತಿಯ ಬಸ್ಸು ಬಂದು ನಿಂತಿತು. ರಂಜಿನಿ ಹತ್ತಲಿಲ್ಲ. ಅವನ ಕೈಯನ್ನು ಮೆಲ್ಲಗೆ ಹಿಡಿದಳು.

"ಬನ್ನಿ, ಜೊತೆಗೇ ಹೋಗೋಣ."

"ಇವತ್ತು ಭಾನುವಾರ ಅಲ್ವಲ್ಲ..."

"ಅಲ್ಲ" ಎಂದಳು ಅವಳು. "ಇನ್ಮೇಲೆ ಯಾವ ವಾರ ಅಂತ ನೋಡ್ಬೇಡಿ."