ಗುಡ್ಡದ ಆಟದ ಕೊನೆಯ ರಾಗ

ಗಂಗಾಂಬಿಕಾಳನ್ನು ನೋಡಲು ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು, ಒಂದು ಹಾಡು ಹೇಳಮ್ಮ ಅಂತ. ಚಳ್ಳಕೆರೆಯ ಎಣ್ಣೆ ಅಂಗಡಿ ತೋಟಪ್ಪನವರ ಮಗಳು ಅವಳು. ಮೂವತ್ತು ದಾಟಿದವಳು, ಅಪ್ಪನ ಗಲ್ಲಾದಲ್ಲಿ ಕೂತು ಎಂಥ ಜಗಳಗಂಟ ಗಿರಾಕಿಯನ್ನೂ ನಗಿಸಿ ಕಳಿಸುವವಳು. ಬಂದವರಿಗೆ ಅದ್ಯಾವುದೂ ಬೇಕಿರಲಿಲ್ಲ. ಹಾಡು ಕೇಳಿ, ಕೇಸರಿಬಾತ್ ತಿಂದು, ಕೈ ತೊಳೆದು, “ಊರಿಗೆ ಹೋಗಿ ತಿಳಿಸ್ತೀವಿ” ಎಂದು ಎದ್ದು ಹೋಗುತ್ತಿದ್ದರು. ಊರಿಗೆ ಹೋದವರು ಬಹಳ, ತಿಳಿಸಿದವರು ಕಡಿಮೆ.

ಮೊಳಕಾಲ್ಮೂರಿನಿಂದ ಸೀರೆ ವ್ಯಾಪಾರದ ತಿಪ್ಪೇರುದ್ರಮ್ಮನವರು ಮಗ ಸಿದ್ದಲಿಂಗೇಶನನ್ನು ಕರೆದುಕೊಂಡು ಬರುವ ಹೊತ್ತಿಗೆ ಅವಳಿಗೆ ಈ ಶಾಸ್ತ್ರ ಸಾಕುಸಾಕಾಗಿತ್ತು. ಹಾಡಿಸುತ್ತಾರಾ, ಹಾಡಿಸಲಿ, ಈ ಸಲ ನನಗಿಷ್ಟವಾದದ್ದನ್ನೇ ನುಡಿಸುತ್ತೇನೆ, ಸಂಬಂಧ ಮುರಿದರೆ ಮುರಿಯಲಿ ಎಂದು ಅಡುಗೆಮನೆಯಲ್ಲೇ ತೀರ್ಮಾನಿಸಿ ಬಂದು ಹಾರ್ಮೋನಿಯಂ ಮುಂದೆ ಕೂತಳು.

ಅವಳಿಗಿಷ್ಟವಾದದ್ದು ಒಂದು ವಿಡಿಯೋ ಗೇಮಿನ ಮ್ಯೂಸಿಕ್ಕು.

ಅವಳು ಚಿಕ್ಕವಳಿದ್ದಾಗ ಅಣ್ಣ ಮುರುಗೇಶ್ ಊಟ ಬಿಟ್ಟು ಹಟ ಹಿಡಿದು ಟಿವಿಗೆ ಸಿಕ್ಕಿಸುವ ಗೇಮ್ ತರಿಸಿದ್ದ. ಜೊತೆಗೆ ಒಂದು ಹಳದಿ ಕ್ಯಾಸೆಟ್ಟು, ಬಾಯಿಂದ ಊದಿ ಹಾಕಿದರೆ ಮಾತ್ರ ಓಡುವಂಥದ್ದು. ಅದರಲ್ಲಿ ಲಾಟೀನು ಹಿಡಿದ ಪುಟ್ಟ ಮನುಷ್ಯನೊಬ್ಬ ಗುಡ್ಡ ಹತ್ತುತ್ತ ದಾರಿಯಲ್ಲಿ ಗಂಟೆಗಳನ್ನು ಆರಿಸಿಕೊಳ್ಳುವ ಆಟವಿತ್ತು. ರಜೆಯಲ್ಲಿ ಮನೆ ತುಂಬ ಹುಡುಗರು. ಹುಡುಗಿಯ ಕೈಗೆ ರಿಮೋಟು ಕೊಡಲು ಯಾರಿಗೂ ಮನಸ್ಸಿಲ್ಲ. ನೀನು ನೋಡು ಸಾಕು ಎಂದರು. ನೋಡೋಣವೆಂದರೆ ಅವರ ತಲೆಗಳೇ ಅಡ್ಡ. ಆದ್ದರಿಂದ ಗಂಗಾಂಬಿಕಾ ಗೋಡೆಗೆ ಒರಗಿ ಬರೀ ಕೇಳಿದಳು. ಮೂರನೇ ಲೆವೆಲ್ಲಿನ ಸೇತುವೆಯ ಹತ್ತಿರ ಅಣ್ಣ ಪ್ರತಿ ಸಲ ಬಿದ್ದು ಸಾಯುತ್ತಿದ್ದ, ಮೊದಲಿಂದ ಶುರು ಮಾಡುತ್ತಿದ್ದ, ಅವಳು ಮತ್ತೆ ಕೇಳುತ್ತಿದ್ದಳು. ಆಟ ಹುಡುಗರಿಗೆ ಉಳಿಯಿತು, ರಾಗ ಅವಳಿಗೆ ದಕ್ಕಿತು. ಕ್ಯಾಸೆಟ್ಟಿನ ಮೇಲೆ ಹೆಸರೇ ಇರಲಿಲ್ಲವಾದ್ದರಿಂದ ಮುಂದೆ ಎಷ್ಟು ಹುಡುಕಿದರೂ ಅದು ಯಾವ ಆಟವೆಂದು ಗೊತ್ತಾಗಲಿಲ್ಲ. ಒಮ್ಮೆ ಫೋನಿಗೆ ಗುನುಗಿ ಕೇಳಿದ್ದಳು, ಅದು ಅವಳಿಗೆ ಭಜನೆಗಳನ್ನು ತೋರಿಸಿತ್ತು.

ಆ ಫೋನನ್ನು ಬೈದು ಪ್ರಯೋಜನವಿಲ್ಲ. ಅವತ್ತು ಅವಳ ಗುನುಗಿನ ಜೊತೆ ಹಾರ್ಮೋನಿಯಂ ಮೇಲೆ ಮೊದಲ ಲೆವೆಲ್ಲು ಶುರುವಾಗುತ್ತಿದ್ದಂತೆ ಅಜ್ಜಿ ಶಿವಬಸಮ್ಮ ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕತೊಡಗಿದಳು. ತಿಪ್ಪೇರುದ್ರಮ್ಮ ಕಣ್ಣು ಮುಚ್ಚಿದರು, ಸ್ವಲ್ಪ ಹೊತ್ತಿಗೆ ಕೈ ಮುಗಿದರು. ಮುರುಗೇಶ್ ಮಾತ್ರ ರಾಗದ ಗುರುತು ಹಿಡಿದು ಬೆವರಲು ಶುರು ಮಾಡಿದ.

ಆಗ ‘ಟಿಂಗ್ ಟಿಂಗ್’ ಎಂದು ಸದ್ದಾಯಿತು.

ಗಂಟೆ ಸಿಗುವ ಜಾಗ ಅದು. ಸರಿಯಾಗಿ ಅಲ್ಲಿಗೇ ಸಿದ್ದಲಿಂಗೇಶ್ ಕೇಸರಿಬಾತಿನ ಚಮಚವನ್ನು ತಟ್ಟೆಗೆ ಎರಡು ಸಲ ತಾಕಿಸಿದ್ದ. ಗಂಗಾಂಬಿಕಾಳ ಬೆರಳು ಮುಂದಿನ ಸ್ವರದ ಮೇಲೆ ತಪ್ಪಿತು. ತಲೆಯೆತ್ತಿ ನೋಡಿದಳು. ಅವನು ತಟ್ಟೆಯನ್ನೇ ನೋಡುತ್ತಿದ್ದ, ತುಟಿಯ ಒಂದು ಮೂಲೆ ಮಾತ್ರ ಮೇಲಕ್ಕೆ ಹೋಗಿತ್ತು. ಮುಂದಿನ ಗಂಟೆ ಬರುವಾಗ ಬೇಕೆಂದೇ ಒಂದು ಚೂರು ತಡ ಮಾಡಿ ನುಡಿಸಿದಳು. ಚಮಚವೂ ಕಾದಿದ್ದು ಬಡಿಯಿತು. ಅವಳಿಗೆ ಕಿವಿಯವರೆಗೂ ಬಿಸಿಯೇರಿತು.

ತಿಪ್ಪೇರುದ್ರಮ್ಮ ಕಣ್ಣೊರೆಸಿಕೊಂಡರು. ಯಜಮಾನರು ಹೋದ ಮೇಲೆ ಮನಸ್ಸಿಗೆ ಇಂಥ ತಂಪು ಆಗಿರಲಿಲ್ಲ, ಯಾವ ವಚನ ತಾಯಿ ಇದು ಎಂದು ಕೇಳಿದರು. ಗಂಗಾಂಬಿಕಾ ಬಾಯಿ ತೆರೆಯುವ ಮೊದಲೇ ಮುರುಗೇಶ್, “ವಚನಾನೇ ಅಮ್ಮ, ಹಳೇ ಧಾಟಿ” ಎಂದುಬಿಟ್ಟ. ಅಲ್ಲ ಎನ್ನಬೇಕಿತ್ತು ಅವಳು. ಆದರೆ ಅವಳ ಜೀವವೆಲ್ಲ ಆ ಚಮಚದ ಮೇಲಿತ್ತು.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಹಿರಿಯರು ಇಬ್ಬರನ್ನೂ ಟೆರೇಸಿಗೆ ಕಳಿಸಿದರು. ಅಲ್ಲಿ ಹರವಿದ್ದ ಶೇಂಗಾದ ಆ ಕಡೆ ಅವನು, ಈ ಕಡೆ ಅವಳು.

“ಎಷ್ಟನೇ ಲೆವೆಲ್ ತಂಕ ಬರ್ತೈತೆ ನಿಮ್ಗೆ?” ಎಂದ.

“ಮೂರು. ಆಮೇಲೆ ನಮ್ಮಣ್ಣ ಸಾಯ್ತಿದ್ದ.”

“ಸೇತುವೆ ಹತ್ರ?”

“ಹೂಂ, ಸೇತುವೆ ಹತ್ರ.”

“ನೀವಾದ್ರೂ ದಾಟ್ಬೇಕಿತ್ತು.”

“ರಿಮೋಟು ಕೊಟ್ಟಿದ್ರೆ ದಾಟ್ತಿದ್ದೆ ಕಣ್ರೀ.”

ಅವನು ನಗಲಿಲ್ಲ. ಅದು ಅವಳಿಗೆ ಹಿಡಿಸಿತು. ತಮ್ಮೂರಿನ ಹುಡುಗರು ತೆಲುಗು ಬೆರೆಸಿ ಅದನ್ನು ಕೊಂಡ ಗೇಮ್, ಅಂದರೆ ಗುಡ್ಡದ ಗೇಮ್, ಅನ್ನುತ್ತಿದ್ದರೆಂದೂ, ತಾನು ಒಂದೇ ಒಂದು ಸಲ ಗುಡ್ಡದ ತುದಿ ಮುಟ್ಟಿದ್ದೆನೆಂದೂ ಹೇಳಿದ. ತುದಿಯಲ್ಲಿ ಆ ಪುಟ್ಟ ಮನುಷ್ಯ ತಂದ ಗಂಟೆಗಳನ್ನೆಲ್ಲ ಒಂದು ಮರಕ್ಕೆ ಕಟ್ಟುತ್ತಾನಂತೆ. ಆಗ ಬೇರೆಯೇ ಒಂದು ಮ್ಯೂಸಿಕ್ ಬರುತ್ತದಂತೆ. ಇಪ್ಪತ್ತು ವರ್ಷದಿಂದ ಅವಳು ಸೇತುವೆಯ ಈಚೆ ದಂಡೆಯಲ್ಲೇ ನಿಂತಿದ್ದಳು.

ಹೆಂಗಿರ್ತೈತೆ ಎಂದು ಕೇಳಿದಳು.

“ಈಗ ಹೇಳಲ್ಲ. ಒಪ್ಗೆ ಆಗ್ಲಿ. ಅದನ್ನ ಕೇಳೋಕಾದ್ರೂ ಒಪ್ಕೊಂತೀರಲ್ಲ.”

“ನಾನು ಲಂಚಕ್ಕೆ ಒಪ್ಪೋಳಲ್ಲ” ಎಂದಳು ಗಂಗಾಂಬಿಕಾ. ಕೆಳಗಿಳಿದು ಬಂದಾಗ ಅವಳ ಮುಖ ನೋಡಿದ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಈ ಸಲ ಊರಿಗೆ ಹೋದವರು ತಿಳಿಸಿದರು. ಒಪ್ಪಿಗೆ ಎಂದರು. ಆಮೇಲೆ ಶುರುವಾಯಿತು ಫೋನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಇತ್ತ ಎಣ್ಣೆ ಅಂಗಡಿ, ಅತ್ತ ಸೀರೆ ಅಂಗಡಿ. ಅವನು ನಾಲ್ಕನೇ ಲೆವೆಲ್ಲು ಗುನುಗಿದ, ಐದನೆಯದನ್ನು ಗುನುಗಿದ. ಶ್ರುತಿ ಎಂಬುದು ಅವನ ಹತ್ತಿರವೂ ಸುಳಿದಿರಲಿಲ್ಲ. ಆದರೂ ಅವಳು ಕಣ್ಣು ಮುಚ್ಚಿ ಕೇಳಿದಳು, ಮನಸಾರೆ ಕೇಳಿದಳು, ಅವನೇ ಬೇಕು ಅಂದುಕೊಂಡಳು. ಕೊನೆಯದನ್ನು ಮಾತ್ರ ಅವನು ಜಪ್ಪಯ್ಯ ಅಂದರೂ ಬಿಟ್ಟುಕೊಡಲಿಲ್ಲ.

ಶ್ರಾವಣದ ಒಂದು ಸೋಮವಾರ ಎರಡೂ ಮನೆಯವರು ಜಟಿಂಗ ರಾಮೇಶ್ವರದ ಗುಡ್ಡ ಹತ್ತಿದರು. ಸಿದ್ದಲಿಂಗೇಶ್ ಅವಳಿಗಿಂತ ಒಂದೆರಡು ಮೆಟ್ಟಿಲು ಹಿಂದೆ ಬರುತ್ತ, ಅವಳಿಗಷ್ಟೇ ಕೇಳುವಂತೆ ಮೊದಲ ಲೆವೆಲ್ಲು ಗುನುಗುತ್ತಿದ್ದ. ಅವಳು ತಿರುಗಿದರೆ ಸಾಕು, ಏನೂ ಗೊತ್ತಿಲ್ಲದವನಂತೆ ಆಚೆ ಬಂಡೆ ನೋಡುತ್ತಿದ್ದ. ಒಂದು ಸಲ ತಿರುಗಿದಂತೆ ಮಾಡಿ ತಿರುಗದೆ ನಿಂತಳು. ಬಂಡೆ ನೋಡುತ್ತಲೇ ಹತ್ತಿದವನು ಅವಳ ಪಕ್ಕಕ್ಕೇ ಬಂದು ನಿಂತ. ಇಬ್ಬರ ಕೈಯ ಹಿಂಬದಿ ತಾಕಿತು. ಇಬ್ಬರೂ ಸರಿಯಲಿಲ್ಲ.

ಪೂಜೆ ಮುಗಿದ ಮೇಲೆ ಎಲ್ಲರೂ ಗುಡಿಯ ಅಂಗಳದಲ್ಲಿ ಕೂತರು. ತಿಪ್ಪೇರುದ್ರಮ್ಮ ತಮ್ಮ ಬಳಗದವರನ್ನೆಲ್ಲ ಹತ್ತಿರ ಕರೆದು, ನಮ್ಮ ಹುಡುಗಿ ಒಂದು ವಚನ ಹೇಳುತ್ತಾಳೆ ಕೇಳಿ, ಕಲ್ಲೂ ಕರಗಬೇಕು ಎಂದರು. ಅವತ್ತಿನದನ್ನೇ ಹೇಳು ತಾಯಿ ಎಂದು ಅವಳ ಗಲ್ಲ ಸವರಿದರು. ಮುರುಗೇಶ್ ಕಣ್ಣಲ್ಲೇ ಬೇಡಿಕೊಂಡ. ಗುನುಗಿಬಿಟ್ಟಿದ್ದರೆ ಎಲ್ಲವೂ ಸಲೀಸಾಗಿ ಸಾಗುತ್ತಿತ್ತು. ಆದರೆ ಆ ಹೆಂಗಸು ಆಗಲೇ ಕಣ್ಣು ಮುಚ್ಚಿ ಕೈ ಜೋಡಿಸಿದ್ದರು. ಅಷ್ಟು ನಂಬಿ ಕೂತವರ ಮುಂದೆ ಸುಳ್ಳು ಹೇಳಲು ಗಂಗಾಂಬಿಕಾಳಿಗೆ ಮನಸ್ಸಾಗಲಿಲ್ಲ. ತನ್ನ ರಾಗ ಬೇರೆ ಹೆಸರಿನಲ್ಲಿ ಬದುಕುವುದೂ ಅವಳಿಗೆ ಬೇಡವಾಗಿತ್ತು.

“ಅಮ್ಮ, ಅದು ವಚನ ಅಲ್ಲ. ವಿಡಿಯೋ ಗೇಮಿನ ಮ್ಯೂಸಿಕ್ಕು.”

ಬಳಗದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗುವೇ ಎಲ್ಲ ಕೆಡಿಸಿತು. ತಿಪ್ಪೇರುದ್ರಮ್ಮ ಮುಗಿದ ಕೈ ಬಿಡಿಸಿಕೊಂಡು ಎದ್ದರು. ಆಟದ ಪೆಟ್ಟಿಗೆಗೆ ನನ್ನ ಕೈ ಮುಗಿಸಿದ ಹುಡುಗಿ ನಮ್ಮನೆಗೆ ಬೇಡ ಎಂದರು. ಗಂಗಾಂಬಿಕಾ ಸಿದ್ದಲಿಂಗೇಶನ ಕಡೆ ನೋಡಿದಳು. ನನಗೂ ಗೊತ್ತಿತ್ತು ಅವ್ವ, ನಾನೂ ತಾಳ ಹಾಕಿದ್ದೆ ಎಂದು ಒಂದು ಮಾತು ಸಾಕಿತ್ತು. ಅವನು ತನ್ನ ಕಾಲ ಬೆರಳು ನೋಡುತ್ತ ನಿಂತಿದ್ದ. ಅವಳಿಗೆ ಅಳು ಬರಲಿಲ್ಲ, ಕೆಟ್ಟ ಕೋಪ ಬಂತು.

ಮಾರನೇ ದಿನದಿಂದ ಅವನ ಫೋನು ಬರುತ್ತಲೇ ಇತ್ತು. ಅವಳು ಎತ್ತಲಿಲ್ಲ. ಕೊನೆಗೆ ಮೆಸೇಜು ಹಾಕಿದ, ಅವ್ವನ ಸಿಟ್ಟು ಇಳಿಯಲಿ, ಅಲ್ಲಿವರೆಗೆ ಆ ಕೊನೆಯ ರಾಗ ರೆಕಾರ್ಡ್ ಮಾಡಿ ಕಳಿಸಲಾ ಎಂದು. ಅದನ್ನು ಓದಿದ ಮೇಲೆ ಅವಳೇ ಫೋನ್ ಮಾಡಿದಳು.

“ಕಳಿಸ್ಬೇಡಿ. ಚಮಚ ಬಡಿಯೋಕೆ ಧೈರ್ಯ ಇತ್ತು, ಬಾಯಿ ಬಿಡೋಕೆ ಇರ್ಲಿಲ್ಲ. ನಾನು ಎಷ್ಟು ಮನೆಯೋರ ಮುಂದೆ ಹಾಡಿದೀನಿ ಗೊತ್ತಾ? ನೀವು ಒಂದ್ಸಲ ನಿಮ್ಮವ್ವನ ಮುಂದೆ ಹಾಡಿ. ಆವಾಗ ಕೇಳ್ತೀನಿ.”

ಆ ಕಡೆಯಿಂದ ಏನು ಉತ್ತರ ಬಂತೋ, ಅದಕ್ಕವಳು ಕಾಯಲಿಲ್ಲ. ಒಳಗೆ ಹೋಗಿ, ತಾನು ಮೊಳಕಾಲ್ಮೂರಿಗೆ ಗಂಡು ನೋಡಲು ಹೋಗುತ್ತೇನೆ ಎಂದು ಮನೆಯವರಿಗೆ ಹೇಳಿದಳು. ತೋಟಪ್ಪನವರು ಕೂಗಾಡಿದರು. ಮುರಿದ ಸಂಬಂಧದ ಬಾಗಿಲಿಗೆ ಹೆಣ್ಣಿನ ಕಡೆಯವರೇ ಹೋಗಿ ನಿಂತರೆ ಮಾನ ಉಳಿದೀತೇ ಎಂದರು. ಅವರ ಕೂಗಾಟ ಮುಗಿಯುವಷ್ಟರಲ್ಲಿ ಶಿವಬಸಮ್ಮ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಉಟ್ಟಾಗಿತ್ತು.

“ನನ್ನ ನೋಡೋಕ್ ಬಂದೋರು ನಡೆಸಿ ನೋಡಿದ್ರು, ಜಡೆ ಎಳೆದು ನೋಡಿದ್ರು” ಎಂದಳು ಮಗನಿಗೆ. “ಸಾಯೋದ್ರೊಳಗೆ ನಾನೂ ಒಂದ್ಸಲ ಗಂಡು ನೋಡ್ಬೇಕು. ಲೇ ಮುರುಗೇಶಾ, ಕಾರು ತೆಗಿಯೋ.”

ಮೊಳಕಾಲ್ಮೂರಿನ ಆ ಮನೆಯ ಮುಂದುಗಡೆಯೇ ಸೀರೆ ಅಂಗಡಿ. ಹಣ್ಣು, ಎಲೆ-ಅಡಿಕೆ, ಹೂವಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಮುದುಕಿಯನ್ನು ಹೋಗೆಂದು ಹೇಳಲು ತಿಪ್ಪೇರುದ್ರಮ್ಮನವರಿಗೆ ಬಾಯಿ ಬರಲಿಲ್ಲ. ಬಿಗಿದ ಮುಖದಲ್ಲೇ ಚಾಪೆ ಹಾಸಿದರು, ಬಿಗಿದ ಮುಖದಲ್ಲೇ ಉಪ್ಪಿಟ್ಟು ತಂದಿಟ್ಟರು. ಅಜ್ಜಿ ನಿಧಾನಕ್ಕೆ ತಿಂದು, ಹುಡುಗನನ್ನು ಕರೀರಿ, ನೋಡೋಣ ಎಂದಳು.

ಸಿದ್ದಲಿಂಗೇಶ್ ಅಂಗಡಿಯಿಂದ ಬಂದ. ಗಂಗಾಂಬಿಕಾಳನ್ನು ಕಂಡು ಹೊಸ್ತಿಲಲ್ಲೇ ನಿಂತ. ಸೊರಗಿದ್ದ. ಅದನ್ನು ನೋಡಿ ಅವಳಿಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಅಜ್ಜಿ ಅವನನ್ನು ಅಡುಗೆ ಬರುತ್ತದಾ, ಹಿರಿಯರಿಗೆ ತಗ್ಗಿ ಬಗ್ಗಿ ನಡೆಯುತ್ತೀಯಾ ಎಂದು ಕೇಳಬೇಕಾದ್ದನ್ನೆಲ್ಲ ಕೇಳಿದಳು. ಆಮೇಲೆ, “ಒಂದು ಹಾಡು ಹೇಳಪ್ಪ” ಎಂದಳು.

ತಿಪ್ಪೇರುದ್ರಮ್ಮನವರಿಗೆ ಇನ್ನು ತಡೆಯಲಾಗಲಿಲ್ಲ. ಗಂಡು ಹುಡುಗ ಬಂದವರ ಮುಂದೆ ಹಾಡಬೇಕೇ, ಇದೆಂಥ ಅವಮಾನ ಎಂದರು.

“ನಾನು ಹಾಡಿದಾಗ ನೀವು ಕೂತು ಕೇಳಿದ್ರಿ ಅಮ್ಮ” ಎಂದಳು ಗಂಗಾಂಬಿಕಾ. ಸ್ವರ ಏರಿಸಲಿಲ್ಲ. “ನಿಮ್ಮ ಮನಸ್ಸಿಗೆ ತಂಪಾಯ್ತು, ಕೈ ಮುಗಿದ್ರಿ. ಅದು ಸುಳ್ಳಲ್ಲ. ಹೆಸ್ರು ನಮ್ಮಣ್ಣ ಸುಳ್ಳು ಹೇಳಿದ, ನಾನು ಸುಮ್ನಿದ್ದೆ. ಅದಕ್ಕೆ ಕ್ಷಮೆ ಕೇಳ್ತೀನಿ. ಹಾಡಿಗೆ ಕೇಳಲ್ಲ.”

ಪಕ್ಕದ ಮನೆಯ ಮಗ್ಗ ಬಡಿಯುತ್ತಲೇ ಇತ್ತು. ಈಗಲೂ ಅವನು ಕಾಲ ಬೆರಳು ನೋಡಿದರೆ ಎದ್ದು ಹೋಗುವುದೇ ಸರಿ, ಮತ್ತೆ ಈ ಬಾಗಿಲಿಗೆ ಬರುವುದಿಲ್ಲ ಎಂದು ಅವಳು ಒಳಗೊಳಗೇ ಗಟ್ಟಿ ಮಾಡಿಕೊಂಡಳು.

ಸಿದ್ದಲಿಂಗೇಶ್ ಬಂದು ತಾಯಿಯ ಎದುರಿಗೇ ಚಾಪೆಯ ಮೇಲೆ ಕೂತ.

“ಅವತ್ತೇ ಗೊತ್ತಿತ್ತವ್ವ ನನಗೆ. ಅವಳ ಜೊತೆ ತಾಳ ಹಾಕಿದ್ದು ನಾನೇ. ಗುಡ್ಡದ ಮೇಲೆ ನೀನು ಬೈಬೇಕಿದ್ದು ನನಗೂನೂ. ಬಾಯಿ ಬಿಡ್ಲಿಲ್ಲ ನಾನು.” ಹೀಗೆಂದು ಗಂಗಾಂಬಿಕಾಳ ಕಡೆ ತಿರುಗಿದ. “ಈಗ ಹಾಡ್ತೀನಿ.”

ಹಾಡಿದ. ಪದವಿಲ್ಲದ ಬರೀ ಟೂಟೂ ಅನ್ನುವ ರಾಗ. ಸ್ವರ ಒಡೆಯಿತು, ಮೈ ಬೆವರಿತು, ಬೀದಿಯಲ್ಲಿ ಹೋಗುವವರು ಇಣುಕಿದರು, ಅವನು ನಿಲ್ಲಿಸಲಿಲ್ಲ. ಗೆದ್ದಾಗ ಬರುವ ಮ್ಯೂಸಿಕ್ಕೆಂದರೆ ಜೋರಾಗಿ, ಪಟಾಕಿ ಹೊಡೆದಂತೆ ಇರಬಹುದೆಂದು ಇಷ್ಟು ವರ್ಷ ಅಂದುಕೊಂಡಿದ್ದಳು ಗಂಗಾಂಬಿಕಾ. ಹಾಗಿರಲಿಲ್ಲ. ಅದು ಅವಳು ನುಡಿಸಿದ್ದ ಮೊದಲ ಲೆವೆಲ್ಲಿನ ರಾಗವೇ, ಆದರೆ ನಿಧಾನಕ್ಕೆ. ಓಡುವ ಅವಸರವಿಲ್ಲ, ಬೀಳುವ ಭಯವಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು. ತುಂಬಲಿ ಎಂದು ಬಿಟ್ಟಳು. ಇವನು ನನ್ನವನು, ಯಾರು ಏನೇ ಅನ್ನಲಿ ಎಂದು ಅವಳ ಮನಸ್ಸು ಸ್ಪಷ್ಟವಾಗಿ ಹೇಳಿತು.

ತಿಪ್ಪೇರುದ್ರಮ್ಮನವರಿಗೂ ಗುರುತು ಸಿಕ್ಕಿತೆಂದು ಕಾಣುತ್ತದೆ. ಅವರ ಕೈಗಳು ತಾವಾಗಿಯೇ ಒಂದನ್ನೊಂದು ಹುಡುಕಿಕೊಂಡು ಹೊರಟವು. ಅರ್ಧಕ್ಕೇ ತಡೆದು ಸೆರಗಿನೊಳಗೆ ಅಡಗಿಸಿಕೊಂಡರು.

ರಾಗ ಮುಗಿಯಿತು. ಶಿವಬಸಮ್ಮ ಕೈ ತೊಳೆದು ಬಂದು, ಸೀರೆಯ ನೆರಿಗೆ ಸರಿಮಾಡಿಕೊಂಡು, “ಆಯ್ತಪ್ಪ, ಊರಿಗೆ ಹೋಗಿ ತಿಳಿಸ್ತೀವಿ” ಎಂದಳು. ಸಿದ್ದಲಿಂಗೇಶನ ಮುಖ ಸಪ್ಪಗಾಯಿತು. ಮುರುಗೇಶ್ ಕಾರಿನ ಕೀಲಿ ಹುಡುಕತೊಡಗಿದ.

ಗಂಗಾಂಬಿಕಾ ಏಳಲಿಲ್ಲ. ಉಪ್ಪಿಟ್ಟಿನ ತಟ್ಟೆಯಲ್ಲಿದ್ದ ಚಮಚ ಎತ್ತಿ ಅಂಚಿಗೆ ಎರಡು ಸಲ ಬಡಿದಳು. ಟಿಂಗ್ ಟಿಂಗ್. ಅವನು ತಲೆಯೆತ್ತಿದ.

“ಹಂಗಂದ್ರೆ ಏನು? ಬಾಯಿ ಬಿಟ್ಟು ಹೇಳು ತಾಯಿ” ಎಂದರು ತಿಪ್ಪೇರುದ್ರಮ್ಮ.

“ನಂಗೆ ಹುಡುಗ ಒಪ್ಪಿಗೆ ಅಮ್ಮ. ಊರಿಗೆ ಹೋಗಿ ಯಾಕೆ, ಇಲ್ಲೇ ತಿಳಿಸ್ತಿದೀನಿ.”

ತಿಪ್ಪೇರುದ್ರಮ್ಮ ಮಗನ ಮುಖ ನೋಡಿದರು, ಅವಳ ಮುಖ ನೋಡಿದರು. ಆಮೇಲೆ ಗೋಡೆಗೆ ಒರಗಿ, ಕಾಲು ಚಾಚಿ, ಸೆರಗಿನಿಂದ ಕೈ ಹೊರಗೆ ತೆಗೆದರು.

“ಅವನಿಗೆ ಹಾಡೋಕ್ ಬರಲ್ಲ” ಎಂದರು. “ನೀನು ಹೇಳು. ನಾನು ಕೇಳ್ತೀನಿ.”