ಪೆಟ್ಟಿಗೆಯ ಭಾರ

ಮಾತು ಬೆಳ್ಳಿ, ಮೌನ ಬಂಗಾರ ಎಂದವರು ದೋಹಾ ಬಳಿಯ ಅಲ್ ವಕ್ರಾದ ಆ ಫ್ಲ್ಯಾಟಿನಲ್ಲಿ ಒಂದು ವಾರ ಇದ್ದಿದ್ದರೆ ಗಾದೆಯನ್ನೇ ತಿದ್ದುತ್ತಿದ್ದರೋ ಏನೋ. ಅಲ್ಲಿ ಬಂಗಾರ ಧಾರಾಳವಾಗಿತ್ತು. ಸಂಸಾರ ನಡೆಸಲು ಬೇಕಾದ ಬೆಳ್ಳಿಗೇ ಬರ.

ನಿಯಾಝ್ ಹಮದ್ ಬಂದರಿನಲ್ಲಿ ಕ್ರೇನ್ ಆಪರೇಟರ್. ಆಕಾಶದಲ್ಲಿ ತೂಗುವ ಗಾಜಿನ ಕ್ಯಾಬಿನ್ನಿನಲ್ಲಿ ಇಡೀ ದಿನ ಒಬ್ಬನೇ ಕೂತು ಕಂಟೇನರ್ ಎತ್ತುವವನು. ಇಳಿದು ಮನೆಗೆ ಬಂದರೂ ಅರ್ಧ ಜೀವ ಮೇಲೆಯೇ ಉಳಿದಂತಿರುತ್ತಿದ್ದ. ಅವನ ಹೆಂಡತಿ ಝುಲೈಖಾ ಉಚ್ಚಿಲದ ತುಂಬಿದ ಮನೆಯವಳು. ಅತ್ತಿಗೆ, ತಂಗಿಯರ ನಗುವಿಲ್ಲದೆ ಮೀನು ತೊಳೆದೂ ಗೊತ್ತಿಲ್ಲದವಳು. ಮದುವೆಯಾದ ಮೇಲೆ ವೀಸಾಕ್ಕಾಗಿ ಎರಡು ವರ್ಷ ಕಾದು ಬಂದವಳಿಗೆ ಇಲ್ಲಿ ಎ.ಸಿ.ಯ ಸದ್ದೇ ಸಂಗಾತಿ.

ಈಗ ತಂಗಿಯ ಮದುವೆಗೆಂದು ಊರಿಗೆ ಟಿಕೆಟ್ ಆಗಿತ್ತು. ಹೋದವಳು ಮರಳುವುದಿಲ್ಲ ಎಂದು ಅವಳು ಒಳಗೊಳಗೇ ನಿಯ್ಯತ್ ಮಾಡಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಸೃಷ್ಟಿಸಿದವನಿಗೆ ಬಿಟ್ಟು ಇನ್ನಾರಿಗೂ ಅದು ಗೊತ್ತಿರಲಿಲ್ಲ.

ಪಕ್ಕದ ಮನೆಯ ಶಬ್ನಮ್ ಮಾತ್ರ ಮುಖ ನೋಡಿಯೇ ಏನೋ ಊಹಿಸಿದ್ದಳು. "ಊರಿಗೆ ಹೋಗುವ ಮೊದಲು ಇಬ್ಬರೂ ಒಮ್ಮೆ ಇವರ ಹತ್ರ ಮಾತಾಡಿ ಮಾರಾಯ್ತಿ. ನಮ್ಮ ಕಡೆಯವರೇ," ಎಂದು ಆನ್‌ಲೈನ್ ಥೆರಪಿಗೆ ಅಪಾಯಿಂಟ್‌ಮೆಂಟ್ ಮಾಡಿಸಿದ್ದಳು.

ಶುಕ್ರವಾರ ಜುಮಾ ನಮಾಝ್ ಮುಗಿದು, ಊಟವಾದ ಮೇಲೆ ಅವನು ಹಾಲ್‌ನಲ್ಲಿ, ಅವಳು ಬಾಗಿಲ ಆಚೆ ಮಂಚದ ಮೇಲೆ, ಒಬ್ಬೊಬ್ಬರು ಒಂದೊಂದು ಫೋನ್ ಹಿಡಿದು ಕೂತರು. ವಿಡಿಯೋ ಕರೆ ಸೇರಿದ್ದೇ ಎರಡೂ ಫೋನುಗಳು ಒಟ್ಟಿಗೇ ಕೀಚೆಂದು ಕಿರುಚಿದವು.

"ಒಂದೇ ಮನೆಯಲ್ಲಿ ಎರಡು ಫೋನ್ ಯಾಕೆ?" ಪರದೆಯ ಮೇಲಿದ್ದ ಥೆರಪಿಸ್ಟ್ ಬೆನಿಟಾ ಕಿವಿ ಮುಚ್ಚಿಕೊಂಡು ನಕ್ಕರು. "ಒಂದನ್ನು ಆಫ್ ಮಾಡಿ, ಒಟ್ಟಿಗೆ ಕೂತ್ಕೊಳ್ಳಿ."

ಝುಲೈಖಾ ಎದ್ದು ಅವನಿದ್ದಲ್ಲಿಗೆ ಬಂದು, ಫೋನನ್ನು ಖರ್ಜೂರದ ಡಬ್ಬಿಗೆ ಒರಗಿಸಿ, ನಡುವೆ ಒಂದು ದಿಂಬಿನಷ್ಟು ಜಾಗ ಬಿಟ್ಟು ಕೂತಳು. ಅವನ ಅಂಗಿಯಿಂದ ಜುಮಾದ ಅತ್ತರು ಆ ಜಾಗ ದಾಟಿ ಬಂತು.

ಬೆನಿಟಾ ಬಜ್ಪೆಯವರು, ದೋಹಾದ ಒಂದು ಕ್ಲಿನಿಕ್ಕಿನಲ್ಲಿರುವ, ಲೈಸೆನ್ಸ್ ಪಡೆದ ಕ್ಲಿನಿಕಲ್ ಸೋಷಿಯಲ್ ವರ್ಕರ್.

"ಸೋಷಿಯಲ್ ವರ್ಕರ್ ಅಂದ್ರೆ ರಕ್ತದಾನ ಶಿಬಿರ ಮಾಡುವವರಲ್ವಾ ಮೇಡಂ?" ನಿಯಾಝ್ ಕೇಳಿದ.

"ಇಲ್ಲಿ ರಕ್ತ ತೆಗೆಯುವುದಿಲ್ಲ, ಹೆದರ್ಬೇಡಿ. ಕ್ರೇನ್ ನಡೆಸ್ಲಿಕ್ಕೆ ನಿಮಗೆ ಲೈಸೆನ್ಸ್ ಇದ್ದ ಹಾಗೆ, ಮನಸ್ಸಿನ ಮಾತು ಕೇಳ್ಲಿಕ್ಕೆ ನನಗುಂಟು."

ಅವರ ಮನೆಮಾತು ಕೊಂಕಣಿ, ಇವರದು ಬ್ಯಾರಿ. ನಡುವೆ ಇದ್ದದ್ದು ಕನ್ನಡ. ಗಂಡ ಹೆಂಡತಿ ಒಬ್ಬರೊಡನೊಬ್ಬರು ಎಂದೂ ಕನ್ನಡ ಆಡಿದವರಲ್ಲ. ಹೊಸ ಬಟ್ಟೆ ತೊಟ್ಟು ಎದುರು ನಿಂತಂತೆ ಇಬ್ಬರಿಗೂ ನಾಚಿಕೆ.

"ಝುಲೈಖಾ ಒಂದು ಮಾತು ಹೇಳ್ತಾರೆ," ಎಂದರು ಬೆನಿಟಾ. "ನೀವು ಉತ್ತರ ಕೊಡ್ಬೇಡಿ. ಕೇಳಿದ್ದನ್ನು ತಿರುಗಿ ಹೇಳಿ, ಸಾಕು."

ನಿಯಾಝ್ ನೆಟ್ಟಗೆ ಕೂತ. "ಅದು ನಮ್ಮ ದಿನದ ಕೆಲಸ ಮೇಡಂ. ಕೆಳಗಿನವರು ವಾಕಿಟಾಕಿಯಲ್ಲಿ ಹೇಳಿದ್ದನ್ನು ತಿರುಗಿ ಹೇಳದೆ ಕ್ರೇನ್ ಅಲ್ಲಾಡಿಸುವ ಹಾಗಿಲ್ಲ. ತಪ್ಪು ಕೇಳಿದ್ರೆ ಒಬ್ಬರ ಜೀವ ಹೋಗ್ತದೆ."

"ಹಾಗಾದ್ರೆ ಶುರು ಮಾಡಿ."

"ಊಟ ಹೇಗಾಗಿದೆ ಅಂತ ಇವರು ಒಂದು ದಿನ ಹೇಳಿದವರಲ್ಲ," ಎಂದಳು ಝುಲೈಖಾ.

"ಊಟ ಹೇಗಾಗಿದೆ ಅಂತ ನಾನು ಒಂದು ದಿನ ಹೇಳಿದವನಲ್ಲ. ಕಾಪಿ."

"ಕಾಪಿ ಅಂದ್ರೆ ಎಂತ?"

"ಸರಿಯಾಗಿ ಕೇಳಿಸಿತು ಅಂತ."

"ಇವತ್ತು ಬಿರಿಯಾನಿಗೆ ಉಪ್ಪು ಹೆಚ್ಚಾಗಿತ್ತು. ಆದ್ರೂ ಎರಡು ಸಲ ಬಡಿಸಿಕೊಂಡ್ರು."

"ಉಪ್ಪು ಹೆಚ್ಚಾಗಿತ್ತು. ಎರಡು ಸಲ ಬಡಿಸಿಕೊಂಡೆ. ಕಾಪಿ." ಹೇಳುತ್ತ ಅವನು ಓರೆಗಣ್ಣಿನಲ್ಲಿ ಅವಳನ್ನು ನೋಡಿದ. ರೆಪ್ಪೆಯ ತುದಿಯಲ್ಲಿ ಒಂದು ತುಂಟತನ ಇಣುಕಿ ಅಡಗಿತು. ಮದುವೆಯ ದಿನ ಹೂವಿನ ಮಾಲೆಯ ಸಂದಿನಿಂದ ಅವಳನ್ನು ನೋಡಿದ್ದ ಅದೇ ಕಣ್ಣು. ಅವಳಿಗೆ ನಗು ತಡೆಯಲಾಗಲಿಲ್ಲ.

ನಗು ಹಾದಿ ಮಾಡಿಕೊಟ್ಟಿತು. ಅದರ ಹಿಂದೆಯೇ ಇಷ್ಟು ದಿನ ಕಟ್ಟಿಟ್ಟದ್ದು ಬಂತು.

"ನೀವು ಬರುವಷ್ಟರಲ್ಲಿ ನಿಮಗೆ ಹೇಳ್ಬೇಕು ಅಂತ ಎಷ್ಟೆಲ್ಲ ಕೂಡಿಟ್ಟಿರ್ತೇನೆ. ನೀವು ಶೂ ಬಿಚ್ಚಿ ಸುಮ್ಮನೆ ಒಳಗೆ ಹೋಗುವಾಗ ಅದೆಲ್ಲ ಅಲ್ಲೇ ಒಣಗಿ ಹೋಗ್ತದೆ. ನನಗೆ ಇಲ್ಲಿ ಯಾರೂ ಇಲ್ಲ. ನೀವೂ ಇಲ್ಲ."

"ನಿನಗೆ ಇಲ್ಲಿ ಯಾರೂ ಇಲ್ಲ," ಎಂದ ನಿಯಾಝ್. ಬೆನಿಟಾ ಅವಸರ ಮಾಡಲಿಲ್ಲ. ದೂರದ ಮಸೀದಿಯ ಪಾರಿವಾಳಗಳು ಕಿಟಕಿಯ ಅಂಚಿಗೆ ಬಂದು ಕೂತವು, ಎದ್ದು ಹೋದವು.

"ನಾನೂ ಇಲ್ಲ," ಎಂದ ಕೊನೆಗೆ. ಕಾಪಿ ಎನ್ನಲಿಲ್ಲ.

"ಈಗ ನೀವು ಹೇಳಿ ನಿಯಾಝ್," ಬೆನಿಟಾರ ದನಿ ಮೆತ್ತಗಿತ್ತು. "ಅವರು ತಿರುಗಿ ಹೇಳ್ತಾರೆ."

ಅವನು ತನ್ನ ಅಂಗೈ ನೋಡಿಕೊಂಡ. "ನಿನ್ನ ಪೆಟ್ಟಿಗೆ ಭಾರ ಉಂಟು."

ಝುಲೈಖಾ ಪೆಟ್ಟಿಗೆ ಇದ್ದ ಕೋಣೆಯ ಕಡೆ ನೋಡಿದಳು. "ನನ್ನ ಪೆಟ್ಟಿಗೆ ಭಾರ ಉಂಟು."

"ನಿನ್ನೆ ಬದಿಗೆ ಸರಿಸುವಾಗ ಎತ್ತಿದೆ. ಭಾರ ಎತ್ತುವುದೇ ನನ್ನ ಕೆಲಸ ಅಲ್ವಾ, ಕೈಗೆ ಗೊತ್ತಾಗ್ತದೆ. ಒಂದು ಮದುವೆಗೆ ಹೋಗಿ ಬರುವ ಭಾರ ಅಲ್ಲ ಅದು. ತೆರೆದು ನೋಡ್ಲಿಲ್ಲ. ನೋಡಿದ್ರೆ ನಿಜ ಆಗ್ತದೆ ಅಂತ ಹೆದರಿಕೆ ಆಯ್ತು."

ಅವನು ಫೋನಿನಿಂದ ಮುಖ ತಿರುಗಿಸಿ ಅವಳ ಕಡೆಗೇ ಕೂತ.

"ಮಾತು ತಪ್ಪಿದ್ರೆ ಜೀವ ಹೋಗುವ ಜಾಗದಲ್ಲಿ ದುಡಿಯುವವನು ನಾನು. ಕಡಿಮೆ ಮಾತಾಡಿಯೇ ಅಭ್ಯಾಸ. ಮಾತಾಡದಿದ್ರೂ ಜೀವ ಹೋಗ್ತದೆ ಅಂತ ಗೊತ್ತಿರಲಿಲ್ಲ. ಮದುವೆ ಮುಗಿಸಿ ಬಾ ಝುಲಿ. ನೀನಿಲ್ಲದೆ ನನಗೆ ಆಗುವುದಿಲ್ಲ."

ಅವಳು ಶಾಲಿನ ತುದಿಯಿಂದ ಕಣ್ಣು ಒತ್ತಿಕೊಂಡಳು. "ಮದುವೆ ಮುಗಿಸಿ ಬಾ," ಎಂದಳು. ಆಮೇಲೆ ಮೂಗೇರಿಸಿ, "ಕೊನೆಯದ್ದು ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ."

ಈ ಸಲ ಅವನು ಅದನ್ನು ಬ್ಯಾರಿಯಲ್ಲಿ ಹೇಳಿದ. ಬೆನಿಟಾಗೆ ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ದಿಂಬಿನಷ್ಟು ಜಾಗ ಯಾವಾಗ ಇಲ್ಲವಾಯಿತೋ ಯಾರೂ ನೋಡಲಿಲ್ಲ.

ಹೊರಡುವ ದಿನ ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ನಿಯಾಝ್ ಮಸೀದಿಯಿಂದ ಬಂದಾಗ ಪೆಟ್ಟಿಗೆ ಬಾಗಿಲ ಬಳಿ ನಿಂತಿತ್ತು. ಅವನು ಹಿಡಿ ಹಿಡಿದು ಎತ್ತಿದ. ನೆಲದಿಂದ ಗೇಣು ಮೇಲೆ ಒಂದು ಗಳಿಗೆ ಹಾಗೇ ತೂಗಿಸಿದ. ಹಗುರವಾಗಿತ್ತು. ಕಣ್ಣು ಒಳಗಿನ ಕೋಣೆಗೆ ಹೋಯಿತು. ಅಲ್ಲಿ ಅವನ ನಮಾಝಿನ ಚಾಪೆಯ ಮಗ್ಗುಲಿಗೆ ಅವಳದ್ದೂ ಮಡಚಿಟ್ಟಿತ್ತು. ಚಳಿಗಾಲದ ಸ್ವೆಟರು ಗೂಟಕ್ಕೆ ಮರಳಿತ್ತು.

"ಕಾಪಿ," ಎಂದ.

"ನಾನು ಎಂತದ್ದೂ ಹೇಳ್ಲೇ ಇಲ್ಲ," ಝುಲೈಖಾ ಶಾಲು ಸರಿಪಡಿಸಿಕೊಳ್ಳುತ್ತ ಎಂದಳು.

"ಪೆಟ್ಟಿಗೆ ಹೇಳಿತು."